ಐದನೇ ವಿಷಯದ ನಡಾವಳಿ

ಊರಿಗೆಲ್ಲ ನೀರು ಕುಡಿಸುವ ಕಚೇರಿ ಅದು. ಅಲ್ಲೊಬ್ಬಳು ಇಂಜಿನಿಯರ್, ಎಲ್ಲರ ಬಾಯಲ್ಲೂ ನೀರಕ್ಕ. ನೆಲದಡಿ ಯಾವ ಪೈಪು ಎಲ್ಲಿ ತಿರುಗುತ್ತದೆ ಎಂಬುದು ಅವಳಿಗೆ ಅಂಗೈಗೆರೆಯಷ್ಟು ಸಲೀಸು. ಆದರೂ ಇಪ್ಪತ್ತೆರಡು ವರ್ಷ ಪ್ರತಿ ಸಭೆಯಲ್ಲೂ ಅವಳ ಕೈಗೆ ಬಂದದ್ದು ನಡಾವಳಿ ಪುಸ್ತಕವೇ. "ನಿಮ್ಮ ಅಕ್ಷರ ಚೆಂದಮ್ಮಾ, ನೀವೇ ಬರೀರಿ" ಎನ್ನುವರು ನಿರ್ದೇಶಕರು. ಉಳಿದವರು ಮಾತಾಡುವರು, ಇವಳು ಬರೆಯುವಳು. ಬರೆಯುವವಳಿಗೆ ಬಾಯಿ ತೆರೆಯಲು ಪುರುಸೊತ್ತೆಲ್ಲಿ?

ಅವತ್ತಿನ ಐದನೇ ವಿಷಯ ಮುಖ್ಯ ಇಂಜಿನಿಯರ್ ಹುದ್ದೆ. ಹಿರಿತನದ ಪಟ್ಟಿಯಲ್ಲಿ ಮೊದಲ ಹೆಸರು ಇವಳದು. ಎರಡನೆಯದು, ಇವಳೇ ನಕ್ಷೆ ಓದಲು ಕಲಿಸಿದ ಕಿರಿಯನದು. ಈ ಸಲ ತಪ್ಪಿದರೆ ನಿವೃತ್ತಿಯವರೆಗೂ ಇಲ್ಲ. "ತಟ್ಟೆ ನೋಡ್ತಾ ಕೂತ್ರೆ ಹೊಟ್ಟೆ ತುಂಬುತ್ತೇನೇ?" ಎಂದು ಗಂಡ ಬೆಳಿಗ್ಗೆ ಛೇಡಿಸಿದರೂ ತುತ್ತು ಇಳಿದಿರಲಿಲ್ಲ.

"ನಿಮ್ಮದೇ ವಿಷಯ, ಸ್ವಲ್ಪ ಹೊರಗಿರಿ" ಎಂದರು ನಿರ್ದೇಶಕರು.

ಹೊರಗಿನ ಬೆಂಚಿನಲ್ಲಿ ಕೂತಳು. ಕಿರಿಯ ಒಳಗೇ ಇದ್ದ. ಅವನನ್ನು ಹೊರಗೆ ಕಳಿಸಲು ಯಾರಿಗೂ ತೋಚಿರಲಿಲ್ಲ. ಒಳಗೆ ನಗು. ಮತ್ತೆ ನಗು. ನನ್ನ ಬಗ್ಗೆಯೇ ನಕ್ಕರೋ? ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ತೆಗೆದಳು. ನಲವತ್ತು ನಿಮಿಷ.

ಬಾಗಿಲು ತೆರೆಯಿತು. ಕಿರಿಯ ನೆಲ ನೋಡುತ್ತಿದ್ದ. "ನಾನು ಕೇಳಿದ್ದಲ್ಲಕ್ಕಾ" ಎಂದ.

"ಬನ್ನಿಯಮ್ಮಾ" ಎಂದರು ಒಳಗಿಂದ ನಿರ್ದೇಶಕರು. " ಅವನನ್ನ ಆರಿಸಿದೀವಿ. ಪುಸ್ತಕದಲ್ಲಿ ಐದನೇದು ಖಾಲಿ ಬಿದ್ದಿದೆ, ಇವರಿಗ್ಯಾರಿಗೂ ಒಂದು ಸಾಲು ಬರೆಯೋಕೆ ಬರಲ್ಲ. ಕಾರಣ ಏನಾದ್ರೂ ನೀವೇ ಕೂಡಿಸಿಬಿಡಿ."

ಅವಳು ಕುರ್ಚಿ ಎಳೆದುಕೊಂಡಳು. "ನಾನು ಹೊರಗಿದ್ದೆ ಸಾರ್. ಏನು ಮಾತಾಯ್ತೋ ಹೇಳಿ, ಬರೀತೀನಿ."

ನಿರ್ದೇಶಕರು ಪಕ್ಕದಲ್ಲಿ ಕೂತ ಆಡಳಿತಾಧಿಕಾರಿಯ ಮುಖ ನೋಡಿದರು. "ಅದೇ... ಪೈಪ್ ಒಡೆದ್ರೆ ಹೊತ್ತಲ್ಲದ ಹೊತ್ತಲ್ಲಿ ಓಡಬೇಕು, ಹೆಂಗಸರ ಕೈಲಾಗಲ್ಲ ಅಂತ..."

ಹೋದ ವರ್ಷ ಒಡೆದ ಹನ್ನೊಂದು ಪೈಪಿನಲ್ಲಿ ಒಂಬತ್ತಕ್ಕೆ ಓಡಿದವಳು ಇವಳೇ. ಮಾತು ನಾಲಿಗೆ ತುದಿಗೆ ಬಂತು. ನುಂಗಿ, ಅವರಂದದ್ದನ್ನು ಬರೆದಳು. "ಇದನ್ನ ಅಂದವರು ಯಾರು ಸಾರ್? ಹೆಸರು ಬೇಕಲ್ಲ."

"ಅಯ್ಯೋ, ಹಾಗೆಲ್ಲ ಬರೀತಾರೇನ್ರೀ!"

"ಇಷ್ಟು ವರ್ಷ ಹಾಗೇ ಬರೆದಿದ್ದು ಸಾರ್." ಪುಸ್ತಕ ತಿರುಗಿಸಿ ಸಹಿಗೆ ಮುಂದಿಟ್ಟಳು. ಯಾರೂ ಕೈ ಚಾಚಲಿಲ್ಲ. ಕೆಲಸಕ್ಕೇ ಕುತ್ತು ತಂದುಕೊಂಡೆನೇ ಎನ್ನಿಸಿದರೂ ಅವಳು ಪುಸ್ತಕ ಹಿಂದೆಳೆದುಕೊಳ್ಳಲಿಲ್ಲ.

"ಅದನ್ನ ಹೊಡೆದುಹಾಕಿ. ಐದನೇದು ಮುಂದಿನ ಸಭೆಗೆ" ಎಂದು ಗೊಣಗಿದರು ನಿರ್ದೇಶಕರು.

ಹುದ್ದೆ ಸಿಗಲಿಲ್ಲ, ತಪ್ಪಲೂ ಇಲ್ಲ. ಇನ್ನಷ್ಟು ದಿನ ಮಡಿಲಲ್ಲಿ ಕೆಂಡ ಕಟ್ಟಿಕೊಂಡಿರಬೇಕು. ಅವಳು ಏನನ್ನೂ ಹೊಡೆದುಹಾಕದೆ, ಕೆಳಗೆ 'ಮುಂದೂಡಲಾಗಿದೆ' ಎಂದು ಬರೆದು ತಲೆ ಎತ್ತಿದಳು.

"ತಾರೀಖು ಹೇಳಿ ಸಾರ್."