ಕೂಗು ಹಾಕಬಾರದ ಮನೆ

ಆಗಿನ ನಮ್ಮ ಬೇಸಗೆ ರಜೆಗೆ ಎರಡು ವಾಸನೆಗಳಿದ್ದವು. ಒಂದು ಅಂಗಳದಲ್ಲಿ ಸುಡುತ್ತಿದ್ದ ಗೇರುಬೀಜದ್ದು. ಇನ್ನೊಂದು ಅಜ್ಜಿಮನೆಯ ಹಿಂದಿದ್ದ ಸುರಂಗದ ಬಾಯಿಂದ ಬರುತ್ತಿದ್ದ ಒದ್ದೆಮಣ್ಣಿನದ್ದು, ಬಾವಲಿಗಳದ್ದು. ಮರ್ಕಂಜದ ಆಚೆ, ಕೋಟೆಗುಡ್ಡೆಯ ಬುಡದಲ್ಲಿತ್ತು ಆ ಮನೆ. ಕೋಟೆ ಎಂದು ತೋರಿಸಲು ಗುಡ್ಡೆಯ ಮೇಲೆ ಉಳಿದದ್ದು ಕೆಂಪು ಮುರಕಲ್ಲಿನ ಒಂದು ಮೋಟುಗೋಡೆ ಮಾತ್ರ. ಅದರ ಅಡಿಯಿಂದ ಕೊರೆದ ಸುರಂಗದ ಬಾಯಿ ನಮ್ಮ ಬಚ್ಚಲಿನ ಹಿಂದೆ ಪೊದೆಯಲ್ಲಿ ಅಡಗಿತ್ತು.

ಗುಡ್ಡೆಯೂರಿನಲ್ಲಿ ಕೂಗು ಹಾಕದೆ ದಿನ ಕಳೆಯುವುದುಂಟೇ? ಊಟಕ್ಕೆ ಕರೆಯಲು ಒಂದು ‘ಕೂ’, ದನ ಸಿಕ್ಕಿತೆಂದು ಹೇಳಲು ಇನ್ನೊಂದು ‘ಕೂ’. ಆಚೆ ಗುಡ್ಡೆಯಿಂದ ಯಾರಾದರೂ ‘ಓ’ ಎಂದರೆ ವಿಷಯ ಮುಟ್ಟಿತೆಂದು ಅರ್ಥ. ಆದರೆ ಅಜ್ಜಿಮನೆಯವರು ಮಾತ್ರ ಕೂಗು ಹಾಕುವಂತಿರಲಿಲ್ಲ. ಗೇರುಹಣ್ಣು ಹೆಕ್ಕಲು ಹೋದಾಗ ಬೇರೆ ಮಕ್ಕಳು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರೆ ನಾವು ತಗಡಿನ ಡಬ್ಬ ಬಡಿಯುತ್ತಿದ್ದೆವು. ಅವರು ನಮ್ಮನ್ನು ‘ಡಬ್ಬದ ಮನೆಯವರು’ ಎಂದು ಗೇಲಿ ಮಾಡುತ್ತಿದ್ದರು.

ಕಾರಣ ಕೇಳಿದರೆ ಅಜ್ಜಿ ಹಲಸಿನ ಹಪ್ಪಳ ತಟ್ಟುತ್ತಲೇ ಹೇಳುತ್ತಿದ್ದಳು. ಕುಂಪಣಿಯ ಸಿಪಾಯಿಗಳೊಂದಿಗೆ ನಮ್ಮವರ ಲಡಾಯಿ ನಡೆದ ಕಾಲವದು. ಈ ಮನೆಯ ಹಿರಿಯರು, ಅಜ್ಜಿಯ ಬಾಯಲ್ಲಿ ‘ಕಾರ್ನೋರು’, ಗಾಯಗೊಂಡು ಸುರಂಗ ಹೊಕ್ಕರು. ಲಡಾಯಿ ಮುಗಿದ ಮೇಲೆ ಕೂ ಹಾಕುತ್ತೇನೆ, ಅಲ್ಲಿಯವರೆಗೆ ಹೊರಗೆ ಬರಬೇಡಿ ಎಂದು ಅವರ ಹೆಂಡತಿ ಹೇಳಿದ್ದಳಂತೆ. ಅಂದೇ ಸಂಜೆ ಸಿಪಾಯಿಗಳು ಆಕೆಯನ್ನು ಹಿಡಿದು ಕಡಲ ಕಡೆಗೆ ಒಯ್ದರು. ಕೂಗು ಹಾಕಬೇಕಾದವಳು ಮತ್ತೆ ಬರಲೇ ಇಲ್ಲ.

“ಅವರು ಈಗಲೂ ಒಳಗೆ ಕಾಯ್ತಾ ಇದ್ದಾರೆ ಮಗಾ. ನೀವು ಆಟಕ್ಕೆ ಕೂ ಹಾಕಿದ್ರೆ ಲಡಾಯಿ ಮುಗೀತು ಅಂತ ಹೊರಗೆ ಬಂದಾರು. ಬಂದು ನೋಡುವಾಗ ಹೆಂಡತಿ ಇಲ್ಲ. ಎಂತ ಹೇಳುದು ಅವರಿಗೆ?”

ವರ್ಷಕ್ಕೊಂದು ಮಧ್ಯಾಹ್ನ ಅಜ್ಜಿ ಬಾಳೆಲೆಯಲ್ಲಿ ಕೋಳಿಸಾರು, ರೊಟ್ಟಿ ಬಡಿಸಿ ಸುರಂಗದ ಬಾಯಲ್ಲಿಟ್ಟು, ಹಿಂದೆ ತಿರುಗಿ ನೋಡದೆ ಬರುತ್ತಿದ್ದಳು. ಎಲೆ ಖಾಲಿ ಮಾಡುತ್ತಿದ್ದದ್ದು ನಾಯಿಯೋ ನರಿಯೋ ಎಂದು ನನಗೆ ಅನುಮಾನವಿತ್ತು, ಕೇಳಲು ಧೈರ್ಯವಿರಲಿಲ್ಲ.

ಆ ವರ್ಷ ಅಮ್ಮನ ತಮ್ಮ, ಸೈನ್ಯದಲ್ಲಿದ್ದ ನನ್ನ ಮಾಮ, ರಜೆಯಲ್ಲಿ ಬಂದಿದ್ದ. ಮನೆಯಲ್ಲಿ ಅಜ್ಜಿಯನ್ನು ತಮಾಷೆ ಮಾಡುವ ಧೈರ್ಯವಿದ್ದದ್ದು ಅವನೊಬ್ಬನಿಗೇ. ಎಲೆಗೆ ಬಡಿಸುವಾಗ, “ಅಮ್ಮ, ಕಾರ್ನೋರಿಗೆ ಇಷ್ಟು ಖಾರ ಆಗ್ತದಾ? ನಾನು ಒಳಗೆ ಹೋಗಿ ಕೇಳಿ ಬರ್ಲಾ?” ಎಂದು ಸೌಟಿನಲ್ಲಿ ಪೆಟ್ಟು ತಿಂದಿದ್ದ. ರಜೆ ಮುಗಿಯುವ ಮೊದಲೇ ಗಡಿಯಲ್ಲಿ ಯುದ್ಧ ಶುರುವಾಗಿ ಅವನಿಗೆ ಕರೆ ಬಂತು. ಹೊರಡುವಾಗ ಅಜ್ಜಿ ಹಪ್ಪಳದ ಕಟ್ಟನ್ನು ಅವನ ಚೀಲಕ್ಕೆ ತುರುಕಿದಳು.

“ಯುದ್ಧ ಮುಗಿಸಿ ಬಂದು ನಾನೇ ಕೂ ಹಾಕ್ತೇನೆ ಅಮ್ಮ. ಆಗ ನಿಮ್ಮ ಕಾರ್ನೋರೂ ಹೊರಗೆ ಬರ್ಲಿ,” ಎಂದ ಮಾಮ.

“ಮೊದಲು ನೀನು ಬಾ ಮಾರಾಯ,” ಎಂದಳು ಅಜ್ಜಿ.

ಶಾಲೆ ಶುರುವಾದರೂ ಅಮ್ಮ ಅಜ್ಜಿಯ ಜೊತೆಯಲ್ಲೇ ಉಳಿದಳು, ನಾನೂ ಉಳಿದೆ. ರೇಡಿಯೋದ ವಾರ್ತೆಗಿಂತ ಬೆಳ್ಳಾರೆಯಿಂದ ಬರುವ ಬಸ್ಸಿನ ಸದ್ದಿಗೇ ಅಜ್ಜಿಯ ಕಿವಿ ಇರುತ್ತಿತ್ತು. ಬಂದದ್ದು ಬಸ್ಸಲ್ಲ, ಜೀಪು. ಮಾಮ ಹಿಮದ ಇಳಿಜಾರಿನಲ್ಲಿ ಹೋಗಿಬಿಟ್ಟನೆಂದೂ ದೇಹ ಸಿಕ್ಕಿಲ್ಲವೆಂದೂ ಅದರಲ್ಲಿ ಬಂದ ಸೈನ್ಯದವರು ತಲೆತಗ್ಗಿಸಿ ಹೇಳಿದರು. ಅಮ್ಮ ಅಂಗಳದಲ್ಲೇ ಕುಸಿದಳು. ಅಜ್ಜಿ ಮಾತ್ರ, “ದೇಹ ಸಿಗ್ಲಿಲ್ಲ ಅಂದ್ರೆ ಎಲ್ಲೋ ಅಡಗಿದ್ದಾನೆ,” ಎಂದು ಒಳಗೆ ಹೋಗಿ ಒಲೆಗೆ ಕಟ್ಟಿಗೆ ದೂಡಿದಳು.

ಯುದ್ಧ ಮುಗಿಯಿತೆಂದು ರೇಡಿಯೋ ಹೇಳಿದ ದಿನ ಅಜ್ಜಿ ನನ್ನ ಕೈ ಹಿಡಿದುಕೊಂಡು ಸುರಂಗದ ಬಳಿಗೆ ಹೋದಳು. ಪೊದೆ ಸರಿಸಿ, ಬಾಯಿಗೆ ಅಂಗೈ ಹಿಡಿದು ಕೂ ಹಾಕಿದಳು. ಹುಟ್ಟಿದಾರಭ್ಯ ಕೂಗದ ಗಂಟಲು, ನಡುವೆಯೇ ಒಡೆಯಿತು. “ಲಡಾಯಿ ಮುಗೀತು, ಹೊರಗೆ ಬನ್ನಿ!” ಎಂದಳು. ಮತ್ತೆ ದನಿ ಇಳಿಸಿ, “ನೀನೂ ಬಾ ಮಗಾ,” ಎಂದಳು.

ಒಳಗಿನಿಂದ ಏನೂ ಬರಲಿಲ್ಲ. ಪ್ರತಿಧ್ವನಿಯೂ ಇಲ್ಲ. ಕೂಗನ್ನು ಮಣ್ಣೇ ನುಂಗಿತೋ ಎಂಬಂತೆ ಇತ್ತು. ನನಗೆ ಅಜ್ಜಿಯ ಮುಖ ನೋಡಲು ಹೆದರಿಕೆಯಾಗಿ ಅವಳ ಸೀರೆಯ ಅಂಚನ್ನೇ ನೋಡುತ್ತಾ ನಿಂತೆ.

“ಇಬ್ಬರೂ ಓ ಅನ್ಲಿಲ್ಲ,” ಎಂದಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅಂದೇ.

ಆಮೇಲೆ ಕೂಗು ಹಾಕಿದರೆ ಅಜ್ಜಿ ಬೈಯುತ್ತಿರಲಿಲ್ಲ. ನಮಗೇ ಬಾಯಿ ಬರಲಿಲ್ಲ. ಅವಳು ಹೋದ ಮೇಲೆ ಎಲೆ ಇಡುವುದು ನಿಂತಿತು, ಜಾಗ ಕೈಬಿಟ್ಟುಹೋಯಿತು.

ಈಗ ನಾನಿರುವುದು ಪುತ್ತೂರಿನ ದರ್ಬೆಯಲ್ಲಿ. ಕೋಟೆಗುಡ್ಡೆಯ ಸುರಂಗವನ್ನು ಜನರಿಗೆ ತೆರೆದಿದ್ದಾರೆಂದು ಕೇಳಿ ಮೊನ್ನೆ ಮಗಳನ್ನು ಕರೆದುಕೊಂಡು ಹೋದೆ. ಅಂಗಳವಿದ್ದಲ್ಲಿ ಕಾರುಗಳು ನಿಂತಿದ್ದವು, ಬಚ್ಚಲಿದ್ದಲ್ಲಿ ಟಿಕೆಟ್ ಕೊಡುವ ಗೂಡು. ಒಳಗೆ ಸಾಲುದೀಪ. ಬಾವಲಿಗಳ ವಾಸನೆ ಹೋಗಿ ಸಿಮೆಂಟಿನ ವಾಸನೆ ಬಂದಿದೆ. ಸುರಂಗ ತೋರಿಸುವ ಹುಡುಗಿ ವಿವರಿಸಿದಳು:

“ಇಲ್ಲಿ ಮಣ್ಣು ಜರಿದು ಗೋಡೆ ಹಾಗೆ ಆಗಿತ್ತು. ಅದನ್ನು ತೆಗೆದ ಮೇಲೆ ದಾರಿ ಸಿಕ್ಕಿತು, ಒಳಗೆ ಬೇರೆ ಎಂತದೂ ಇರ್ಲಿಲ್ಲ. ಈಗ ಸೀದಾ ಹೋದ್ರೆ ಆಚೆ ನೀರಿನ ತೋಡಿನ ಬದಿಗೆ ಹೋಗ್ಲಿಕ್ಕೆ ಆಗ್ತದೆ.”

“ಆಚೆ ಬಾಯಿ ಹೊಸತಾ?” ಎಂದು ಕೇಳಿದೆ.

“ಅಲ್ಲ ಅಕ್ಕ, ಮೊದಲಿಂದ ಉಂಟು. ತಪ್ಪಿಸಿಕೊಂಡು ಹೋಗ್ಲಿಕ್ಕೆ ಅಂತಲೇ ಮಾಡಿದ್ದು.”

ಹಾಗಾದರೆ ಕಾರ್ನೋರು ಕೂಗಿಗೆ ಕಾಯಲಿಲ್ಲ. ಕುಂಟುತ್ತಾ ಆಚೆಯಿಂದ ಹೊರಬಿದ್ದು ಹೆಂಡತಿಯನ್ನು ಹುಡುಕುತ್ತಾ ಕಡಲ ಕಡೆಗೇ ಹೋಗಿರಬಹುದು. ನಮ್ಮ ಮನೆಯ ಹೆಂಗಸರು ತಲೆತಲಾಂತರದಿಂದ ಬಾಯಿ ಕಟ್ಟಿಕೊಂಡು ಕಾದದ್ದು ಬರಿ ಸುರಂಗವನ್ನು. ನಗು ಬಂತು, ಹಿಂದೆಯೇ ಅಳು ಬಂತು. ಅಜ್ಜಿಗೆ ಈಗಲೇ ಹೇಳಬೇಕೆನಿಸಿತು. ಅವಳ ಒಂದು ಕಾಯುವಿಕೆಯಾದರೂ ಮುಗಿಯುತ್ತಿತ್ತು. ಇನ್ನೊಂದಕ್ಕೆ ಆಚೆ ಬಾಯಿ ಇರಲೇ ಇಲ್ಲ.

ತೋಡಿನ ಬದಿಗೆ ಬಂದು ಬೆಳಕಿನಲ್ಲಿ ನಿಂತೆ. ಒಳಗೆ ಮಕ್ಕಳು ಕೂ ಎನ್ನುತ್ತಿದ್ದರು, ಪ್ರತಿಧ್ವನಿ ಕೇಳಿ ಕೇಕೆ ಹಾಕುತ್ತಿದ್ದರು. ನಾನೂ ಬಾಯಿಗೆ ಅಂಗೈ ಹಿಡಿದು, ಮನೆ ಇದ್ದ ದಿಕ್ಕಿಗೆ, ಜೀವಮಾನದ ಮೊದಲ ಕೂಗು ಹಾಕಿದೆ.

“ಯಾರನ್ನು ಕರೆದದ್ದಮ್ಮ?” ಎಂದಳು ಮಗಳು.

ನಾನು ಗುಡ್ಡೆಯ ಕಡೆಗೆ ಕಿವಿಗೊಟ್ಟೆ. ಈಗ ಆ ಗುಡ್ಡೆಯಲ್ಲಿ ಯಾರು ಬೇಕಾದರೂ ಎಷ್ಟು ಬೇಕಾದರೂ ಕೂಗಬಹುದು, ಬೈಯುವವರಿಲ್ಲ. ಓ ಎನ್ನುವವರೂ ಇಲ್ಲ.