ಉದ್ಯಾಪನೆಯ ರೊಟ್ಟಿ

ಮೊನ್ನೆ ಸಂಜೆ ಗೋವಾದ ಮಂಗೋರ್ ಹಿಲ್‌ನ ನಮ್ಮ ಓಣಿಯಲ್ಲಿ ಯಾರದೋ ಕಿಟಕಿಯಿಂದ ಗುರೆಳ್ಳು ಹುರಿಯುವ ವಾಸನೆ ಬಂತು. ಅದರ ಬೆನ್ನಿಗೇ ನನಗೆ ಸಿಟ್ಟೂ ಬಂತು. ಗುರೆಳ್ಳಿನ ಮೇಲೆ ನನಗೆ ದ್ವೇಷವಿಲ್ಲ. ಸಿಟ್ಟು ಎದುರುಮನೆಯ ಅಕ್ಕನ ಮೇಲೆ. ಆಕೆ ತೀರಿಕೊಂಡಿದ್ದಾಳೆ, ತೀರಿಕೊಂಡವರ ಮೇಲೆ ಸಿಟ್ಟಾಗುವುದು ಸಭ್ಯರ ಲಕ್ಷಣವಲ್ಲ ಎಂಬುದು ನನಗೂ ಗೊತ್ತು. ಆದರೂ...

ಅಕ್ಕ ಬೀಚಿನಲ್ಲಿ ಮಣಿಸರ ಮಾರುತ್ತಿದ್ದಳು. ಮನೆಯಲ್ಲಿದ್ದಾಗ ರೊಟ್ಟಿ ಬಡಿಯುತ್ತ, ಚಟ್ನಿಗೆ ಗುರೆಳ್ಳು ಹುರಿಯುತ್ತ ಓಣಿಯ ಧರ್ಮಪೀಠವನ್ನು ಅಲಂಕರಿಸಿರುತ್ತಿದ್ದಳು. ಯಾವ ವಾರ ಯಾವ ದೇವರು, ಯಾರು ಏನು ಉಣ್ಣಬಾರದು, ಎಲ್ಲ ಆಕೆಯದೇ ತೀರ್ಪು.

ನನ್ನ ಮೊಮ್ಮಗಳು ಇನ್ನೂ ಸಣ್ಣ ಶಾಲೆಯಲ್ಲಿದ್ದ ವರ್ಷ ಪಣಜಿಯ ಡಾಕ್ಟರು ಅವಳಿಗೆ ಎಡಿಎಚ್‌ಡಿ ಎಂದು ಗುಳಿಗೆ ಶುರು ಮಾಡಿದ್ದರು. ಒಂದು ಕಡೆ ಕೂರಲಾಗದೆ, ಹೇಳಿದ್ದು ತಲೆಯಲ್ಲಿ ನಿಲ್ಲದೆ, ದಿನವೆಲ್ಲ ಬೈಸಿಕೊಳ್ಳುತ್ತಿದ್ದ ಹುಡುಗಿ ಕೂತು ಓದತೊಡಗಿದಳು. ಗುಳಿಗೆಗೆ ನನ್ನ ನಮಸ್ಕಾರ. ಆದರೆ ಅದು ಮಧ್ಯಾಹ್ನದ ಹಸಿವನ್ನು ಕೊಂದುಹಾಕುತ್ತಿತ್ತು. ಡಾಕ್ಟರು ಮೊದಲೇ ಎಚ್ಚರಿಸಿದ್ದರು: ಬೆಳಿಗ್ಗೆ ಉಣಿಸಿಯೇ ಗುಳಿಗೆ ಕೊಡಿ, ಸಂಜೆ ಹಸಿವು ಮರಳಿದಾಗ ಹೊಟ್ಟೆತುಂಬ ಹಾಕಿ, ತೂಕ ಇಳಿದರೆ ನನಗೆ ತಿಳಿಸಿ.

ಇಷ್ಟು ಸರಳ ಕೆಲಸವನ್ನು ಕೆಡಿಸಲು ಒಂದು ಶ್ರಾವಣ ಸೋಮವಾರ ಸಾಕಾಯಿತು. ಶಾಲೆಗೆ ರಜೆ. ಮಧ್ಯಾಹ್ನ ಅಕ್ಕ ಕೊಟ್ಟ ರೊಟ್ಟಿಯನ್ನು ಹುಡುಗಿ ಬೇಡವೆಂದಳು. "ಉಪಾಸೇನ ನನ್ನವ್ವಾ?" ಎಂದು ಅಕ್ಕ ಕೇಳಿದಳು. ಗುಳಿಗೆಯ ಮಾತು ಹೊರಗೆ ಆಡಬಾರದೆಂದು ನಮ್ಮ ಮನೆಯಲ್ಲಿ ಕಟ್ಟಪ್ಪಣೆಯಿತ್ತು. ಹುಡುಗಿ ಹೌದೆಂದು ತಲೆಯಾಡಿಸಿದಳು. ಸಂಜೆಯೊಳಗೆ ನಮ್ಮ ಓಣಿಗೆ ಒಬ್ಬ ಬಾಲಶರಣೆ ದೊರಕಿದ್ದಳು.

ಹೆಂಗಸರು ಗಲ್ಲ ಮುಟ್ಟಿ ಹೊಗಳಿದರು. ಬೈಗುಳವನ್ನೇ ಕೇಳಿ ಬೆಳೆದಿದ್ದ ಕೂಸಿಗೆ ಅದು ರುಚಿಸಿತು. ಸೋಮವಾರದ ಜೊತೆ ಗುರುವಾರ, ಶನಿವಾರ ಸೇರಿಕೊಂಡವು. ಬೆಳಿಗ್ಗೆ ಬರೀ ಹೊಟ್ಟೆಗೆ ಗುಳಿಗೆ, ಸಂಜೆಗೆ ಒಂದು ಬಾಳೆಹಣ್ಣು. ಶಾಲೆಯ ಸ್ಕರ್ಟು ಸೊಂಟದಿಂದ ಜಾರತೊಡಗಿತು. ಸೊಸೆ ಪಿನ್ನು ಚುಚ್ಚಿದಳು. ಅಕ್ಕನಿಗೆ ಹೇಳಿಬಿಡುತ್ತೇನೆ ಎಂದು ನಾನು ಎದ್ದರೆ, "ಮಾವಾರ, ಸುಮ್ಕಿರ್ರಿ. ನಾಳಿ ಓಣಿ ಮಂದಿ ಹುಚ್ಚಿ ಅಂದಾರು" ಎಂದಳು. ಮನೆತನದ ಮರ್ಯಾದೆ ಕಾಯುವ ಭಾರ ಒಂದು ಪಿನ್ನಿನ ಮೇಲೆ ಬಿತ್ತು.

ಒಂದು ದಿನ ಹುಡುಗಿ ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಕುಸಿದುಬಿದ್ದಳು.

ಡಾಕ್ಟರು ನಮ್ಮನ್ನೆಲ್ಲ ಬೈದು, ಗುಳಿಗೆಯ ಪ್ರಮಾಣ ಇಳಿಸಿದರು. ಅಂದು ನಾನು ಓಣಿ ದಾಟಿ ಹೋಗಿ ಅಕ್ಕನ ಮುಂದೆ ಗಂಟಲು ಹರಿಯುವಂತೆ ಎಲ್ಲ ಒದರಿದೆ. ಆಕೆ ನನಗಿಂತ ಜೋರಾದಳು. "ಮದಲ ಹೇಳಾಕ ಏನಾಗಿತ್ರಿ ಅಣ್ಣಾರ? ಬಾಯಾಗ ಮಣಿ ತುಂಬ್ಕೊಂಡು ಕುಂತಿದ್ರೇನು?"

ಆದರೆ ಹುಡುಗಿ ಉಣ್ಣಲೊಲ್ಲಳು. "ಉಪಾಸ ಬಿಟ್ರ ದೇವರು ಸಿಟ್ಟಾಗ್ತಾನ. ಮತ್ತ ಎಲ್ಲಾರೂ ಬೈತಾರ" ಎಂದು ಗೋಡೆಗೆ ಮುಖ ಮಾಡಿದಳು.

ಮರುದಿನ ಸಂಜೆ ಅಕ್ಕ ಓಣಿಯ ಹೆಂಗಸರನ್ನೆಲ್ಲ ಕರೆದಳು. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ, ಕುಂಕುಮವಿಟ್ಟು, ವ್ರತ ಮುಗಿಸುವ ಉದ್ಯಾಪನೆಯನ್ನು ಸಾಂಗವಾಗಿ ನೆರವೇರಿಸಿದಳು. ಬಿಸಿರೊಟ್ಟಿ, ಬದನೆಕಾಯಿ ಪಲ್ಯ, ಗುರೆಳ್ಳು ಚಟ್ನಿ. "ನಿನ್ನ ವ್ರತ ಮುಗೀತವಾ. ಇನ್ನ ಮ್ಯಾಲ ಮುಂಜಾನಿ ಉಂಡು ಗುಳಿಗಿ ತಗೊಳ್ಳೂದು, ಸಂಜಿಕ ನನ್ನ ಮನ್ಯಾಗ ರೊಟ್ಟಿ ಉಣ್ಣೂದು. ಇದ ಹೊಸಾ ನೇಮ."

"ಯಾವ ಗುಳಿಗೀರಿ?" ಎಂದು ಒಬ್ಬಾಕೆ ಮೂಗು ತೂರಿಸಿದಳು. ಸೊಸೆಯ ಮುಖ ಬಿಳಿಚಿತು.

"ತಲಿಯಾಗಿನ ಗದ್ದಲಕ್ಕ. ನೀ ಬಿಪಿ ಗುಳಿಗಿ ನುಂಗೂಮುಂದ ಯಾರ್ನ ಕೇಳಿ ನುಂಗ್ತಿ?" ಎಂದಳು ಅಕ್ಕ.

ಹುಡುಗಿ ಕಿಸಕ್ಕನೆ ನಕ್ಕಳು. ರೊಟ್ಟಿ ಮುರಿದಳು.

ಕೆಲವೇ ತಿಂಗಳಲ್ಲಿ ಹುಡುಗಿಯ ಮೈ ತುಂಬಿತು. ಕೀರ್ತಿಯನ್ನೆಲ್ಲ ಅಕ್ಕ ತನ್ನ ದೇವರಿಗೇ ಒಪ್ಪಿಸಿದಳು. ಹಸಿವು ಸತ್ತ ಕೂಸನ್ನು ಪೂಜೆಗೆ ಕೂರಿಸಿದವರು ಯಾರು ಎಂದು ನಾನು ಕೇಳಿದಾಗಲೆಲ್ಲ ರೊಟ್ಟಿ ಬಡಿಯುವ ಸದ್ದು ಜೋರಾಗುತ್ತಿತ್ತು. ತಪ್ಪಾಯಿತು ಎನ್ನಲೇ ಇಲ್ಲ. ನಾನೂ ಬಿಡುವವನಲ್ಲ, ನಾಳೆ ಮತ್ತೆ ಕೇಳಿದರಾಯಿತು ಎಂದುಕೊಂಡಿದ್ದೆ... ಕಳೆದ ಮಳೆಗಾಲದಲ್ಲಿ ಹೋಗಿಬಿಟ್ಟಳು.

ಮೊಮ್ಮಗಳು ಈಗ ಕಾಲೇಜು. ಗುಳಿಗೆ ಇನ್ನೂ ಇದೆ. ಸಂಜೆ ಹಸಿವು ಮರಳಿದಾಗ ತಟ್ಟೆ ಹಿಡಿದು ಕಟ್ಟೆಯ ಮೇಲೆ ಕೂರುತ್ತಾಳೆ, ಎದುರುಮನೆಯ ಕಡೆ ಮುಖ ಮಾಡಿ. ಅಲ್ಲಿ ಬೀಗ. ಮೊನ್ನೆ ಆ ವಾಸನೆಗೆ ಇಬ್ಬರೂ ಒಟ್ಟಿಗೇ ತಲೆಯೆತ್ತಿದೆವು. ಬೇರೆ ಯಾರದೋ ಮನೆ. ಅವಳು ರೊಟ್ಟಿ ಮುರಿದು ಉಂಡಳು. ನನ್ನ ಸಿಟ್ಟು ಮಾತ್ರ ಹಾಗೇ ಕೂತಿದೆ. ಅದರ ಉದ್ಯಾಪನೆ ಮಾಡಬೇಕಾದಾಕೆಯೇ ಇಲ್ಲ.