ಪುರುಷ ವೇದಿಕೆಯ ಕಾರ್ಯದರ್ಶಿ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಅಡುಗೆಮನೆಯಿಂದ ಮೈದಾ ಹಿಟ್ಟು ಬೇಯುವ ವಾಸನೆ ಬಂತು. ಮಗಳಿಗೆ ಶಾಲೆಯ ಚಾರ್ಟಿನ ಮೇಲೆ ಚಿತ್ರಗಳನ್ನು ಅಂಟಿಸುವುದಿತ್ತು. ಅಂಗಡಿಯಿಂದ ತಂದಿದ್ದ ಗಮ್ಮು ಮುಗಿದುಹೋಗಿದ್ದರಿಂದ ಹೆಂಡತಿ ಒಂದು ಹಿಡಿ ಮೈದಾವನ್ನು ನೀರಿನಲ್ಲಿ ಕದಡಿ ಒಲೆಯ ಮೇಲಿಟ್ಟಿದ್ದಳು. ಆ ವಾಸನೆ ನಿಮಗೆ ಗೊತ್ತಿದ್ದೀತು. ತಿನ್ನುವ ಪದಾರ್ಥದ್ದೇ ವಾಸನೆ, ಆದರೆ ಯಾರಿಗೂ ತಿನ್ನಬೇಕು ಅನ್ನಿಸುವುದಿಲ್ಲ.

"ಒಂದು ಚಿಟಿಕೆ ಮೈಲುತುತ್ತ ಹಾಕು. ಜಿರಲೆ ಮುಟ್ಟೋದಿಲ್ಲ" ಎಂದೆ.

ಮೈಲುತುತ್ತ ಕಾಫಿ ತೋಟವಿರುವ ಎಲ್ಲರ ಮನೆಯಲ್ಲೂ ಇರುತ್ತದೆ, ಮಳೆಗಾಲಕ್ಕೆ ಮುಂಚೆ ಗಿಡಕ್ಕೆ ಔಷಧಿ ಹೊಡೆಯುವುದಕ್ಕೆ. ಹೆಂಡತಿ ಸೌಟು ಹಿಡಿದುಕೊಂಡೇ ತಿರುಗಿದಳು. "ಮಕ್ಕಳು ಮುಟ್ಟೋ ಗಮ್ಮಿಗೆ ವಿಷ ಹಾಕು ಅಂತೀರಲ್ಲ! ಇದೆಲ್ಲ ಎಲ್ಲಿ ಕಲ್ತಿದ್ದು ನೀವು?"

ಕಲಿತದ್ದು ಚಿಕ್ಕಮಗಳೂರಿನ ಕಾಲೇಜು ಹಾಸ್ಟೆಲಿನಲ್ಲಿ, ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, 'ಪುರುಷ ವೇದಿಕೆ' ಎಂಬುದರ ಕಾರ್ಯದರ್ಶಿಯಾಗಿದ್ದಾಗ. ನಗುವುದಿದ್ದರೆ ಈಗಲೇ ನಕ್ಕುಬಿಡಿ. ಆಗ ನಾವೂ ತುಂಬ ನಕ್ಕಿದ್ದೆವು.

ನಮ್ಮ ಕಾಲೇಜಿಗೆ ಆ ವರ್ಷ ಅರ್ಥಶಾಸ್ತ್ರ ಕಲಿಸಲು ವಸುಮತಿ ಮೇಡಂ ಎಂಬವರು ಬಂದಿದ್ದರು. ಅಲ್ಲಿಯವರೆಗೆ ನಮ್ಮ ತರಗತಿಯ ಹುಡುಗಿಯರು ಅಧ್ಯಾಪಕರ ಹಿಂದೆಯೇ ಒಳಗೆ ಬಂದು, ಅವರ ಹಿಂದೆಯೇ ಹೊರಗೆ ಹೋಗುತ್ತಿದ್ದರು. ನಡುವೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಹಾಜರಿ ಹಾಕುವಾಗ ಮಾತ್ರ. ಮೇಡಂ ಶುಕ್ರವಾರ ಮಧ್ಯಾಹ್ನಕ್ಕೊಂದು ಮಹಿಳಾ ವೇದಿಕೆ ಶುರು ಮಾಡಿದರು. ಮೂರು ತಿಂಗಳಲ್ಲಿ ಹುಡುಗಿಯರು ತರಗತಿಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳತೊಡಗಿದರು. ಆ ಪ್ರಶ್ನೆಗಳು ನಮ್ಮ ಪ್ರಶ್ನೆಗಳಿಗಿಂತ ಚೆನ್ನಾಗಿದ್ದದ್ದು ನಮಗೆ ಸಹಿಸಲಾಗಲಿಲ್ಲ.

"ಅನ್ಯಾಯ ಮಾರಾಯ" ಎಂದು ಮೊದಲು ಹೇಳಿದವನು ಭರತ. ದೊಡ್ಡ ಎಸ್ಟೇಟಿನವರ ಮಗ, ಹಾಸ್ಟೆಲಿನಲ್ಲಿ ಮೋಟಾರ್ ಬೈಕು ಇದ್ದವನು ಅವನೊಬ್ಬನೇ. "ಬಸ್ಸಲ್ಲಿ ಮುಂದಿನ ಸೀಟು ಅವ್ರಿಗೆ. ಕಾಲೇಜಲ್ಲಿ ಫ್ಯಾನ್ ಇರೋ ರೂಮು ಅವ್ರಿಗೆ. ಈಗ ವೇದಿಕೆನೂ ಅವ್ರಿಗೆ. ನಾವೆಂತ ಮಣ್ಣು ತಿನ್ನೋದಾ?" ಚಿಕ್ಕಮಗಳೂರಿನ ಚಳಿಯಲ್ಲಿ ನಮಗೆ ಫ್ಯಾನು ಯಾಕೆ ಬೇಕಿತ್ತೋ ದೇವರಿಗೇ ಗೊತ್ತು. ಆದರೂ ಹೌದಲ್ಲ ಅನ್ನಿಸಿತು. ಭರತ ಅಧ್ಯಕ್ಷನಾದ. ಗೋಣಿಬೀಡಿನ ಸಣ್ಣ ಬೆಳೆಗಾರರ ಮಗನಾದ ನನ್ನ ಬಳಿ ಬೈಕಿರಲಿಲ್ಲ, ಚರ್ಚಾಸ್ಪರ್ಧೆಯಲ್ಲಿ ಗೆದ್ದ ಎರಡು ಬಹುಮಾನಗಳಿದ್ದವು. ಹಾಗಾಗಿ ಕಾರ್ಯದರ್ಶಿ. ಬರೆಯುವುದು, ಭಾಷಣ ಮಾಡುವುದು, ಮೈದಾ ಬೇಯಿಸಿ ಗೋಡೆಗೆ ಪೋಸ್ಟರು ಅಂಟಿಸುವುದು ನನ್ನ ಪಾಲಿಗೆ ಬಂತು.

ನಾನು ಬರೆದದ್ದೆಲ್ಲ ಸುಳ್ಳಾಗಿರಲಿಲ್ಲ ಎಂದು ಈಗಲೂ ಅಂದುಕೊಳ್ಳುತ್ತೇನೆ. ಅಜ್ಜಿ ಸತ್ತ ದಿನ ಅಪ್ಪ ಬಂದವರಿಗೆಲ್ಲ ಕುರ್ಚಿ ಹಾಕಿಸುತ್ತ ಓಡಾಡಿದ್ದರು. ಸಂಜೆ ನೋಡಿದರೆ ಕಾಫಿ ಹಣ್ಣಿನ ಸಿಪ್ಪೆ ರಾಶಿ ಹಾಕುವ ಜಾಗದಲ್ಲಿ ಒಬ್ಬರೇ ಗೋಡೆಗೆ ಹಣೆ ಹಚ್ಚಿ ನಿಂತಿದ್ದರು. ನನ್ನನ್ನು ಕಂಡವರೇ "ಎಂತದ? ದನ ಕಟ್ಟಿ ಆಯ್ತಾ?" ಎಂದು ಗದರಿದರು. ಅದನ್ನೇ ನೆನೆದು 'ಗಂಡಸಿಗೂ ಕಣ್ಣೀರಿದೆ' ಎಂಬ ತಲೆಬರಹದಲ್ಲಿ ಬರೆದೆ. ಬರೆಯುವಾಗ ನನ್ನ ಕಣ್ಣೂ ಒದ್ದೆಯಾಗಿತ್ತು. ಆದರೆ ಕೊನೆಗೆ ಬರುವಷ್ಟರಲ್ಲಿ ಹೇಗೋ ಏನೋ, ಅಪ್ಪ ಅಳಲಾಗದ್ದಕ್ಕೆ ವಸುಮತಿ ಮೇಡಮ್ಮೇ ಕಾರಣ ಎಂಬ ಅರ್ಥ ಬಂದಿತ್ತು.

ಮೇಡಂ ಆ ಪೋಸ್ಟರಿನ ಮುಂದೆ ನಿಂತು ಪೂರ್ತಿ ಓದಿದರು. ನನ್ನನ್ನು ಕರೆದರು. ಸುತ್ತ ಹುಡುಗರು ಸೇರಿದ್ದರು.

"ಗಂಡು ಅಳಬಾರದು ಅಂತ ಕಲಿಸೋದು ತಪ್ಪು ಅಂತ ಬರೆದಿದೀಯ. ಅದು ಸರಿ, ನಾನೂ ಒಪ್ತೀನಿ. ಆದ್ರೆ ಇದನ್ನ ಅಳೋರಿಗೋಸ್ಕರ ಬರೆದ್ಯೋ, ನನ್ನ ಮೇಲಿನ ಸಿಟ್ಟಿಗೆ ಬರೆದ್ಯೋ?"

"ಎರಡಕ್ಕೂ ಮೇಡಂ. ಕಾಗದ ಉಳೀತದಲ್ಲ" ಎಂದೆ.

ಹುಡುಗರು ಹೋ ಎಂದು ನಕ್ಕರು. ಮೇಡಮ್ಮೂ ನಕ್ಕರು. ಆ ದಿನವೆಲ್ಲ ನಾನು ನೆಲದ ಮೇಲೆ ನಡೆಯಲಿಲ್ಲ.

ವೇದಿಕೆಯ ಮೊದಲ ಸಭೆ ಒಂದು ಶನಿವಾರ, ಕ್ಲಾಸು ಬಿಟ್ಟ ಮೇಲೆ, ಗ್ರಂಥಾಲಯದ ಹಿಂದಿನ ಮೆಟ್ಟಿಲುಗಳ ಮೇಲೆ. ನಲವತ್ತು ಜನ ಬಂದಿದ್ದರು. ಗಂಡಸಿನ ಕಷ್ಟ ಕೇಳುವವರು ಈ ಲೋಕದಲ್ಲಿ ಯಾರೂ ಇಲ್ಲವೆಂದೂ, ಇಲ್ಲಿ ಯಾರು ಬೇಕಾದರೂ ಎದ್ದು ಹೇಳಿಕೊಳ್ಳಬಹುದೆಂದೂ ನಾನು ಕೈ ಎತ್ತಿ ಭಾಷಣ ಮಾಡಿ ಕುಳಿತೆ. ಯಾರೂ ಏಳುವುದಿಲ್ಲ ಎಂಬ ಧೈರ್ಯ ನನಗಿತ್ತು. ಆಗ ಕೊನೆಯ ಮೆಟ್ಟಿಲಿನಿಂದ ಒಂದು ಸಣ್ಣ ದನಿ ಬಂತು.

"ಅಣ್ಣ, ನಾನು ಹೇಳ್ಲಾ?"

ಸುಂದರೇಶ. ಕಳಸದ ಕಡೆಯ ಹುಡುಗ, ಪದವಿಯ ಮೊದಲ ವರ್ಷ. ಅಪ್ಪ ಅಲ್ಲೊಂದು ಎಸ್ಟೇಟಿನಲ್ಲಿ ಆಳುಗಳ ಮೇಸ್ತ್ರಿ. ಅವನ ಸ್ವರ ಒಡೆದಿರಲೇ ಇಲ್ಲ, ತೆಳ್ಳಗೆ ಹುಡುಗಿಯ ಹಾಗೆ ಇತ್ತು. ಹಾಸ್ಟೆಲಿನಲ್ಲಿ ಅವನನ್ನು ಎಲ್ಲರೂ 'ಸುಂದರಿ' ಎನ್ನುತ್ತಿದ್ದೆವು. ಊಟದ ಹೊತ್ತಿಗೆ ಅವನಿಂದ ಹೆಣ್ಣಿನ ದನಿಯಲ್ಲಿ ಮಾತಾಡಿಸುವುದು, ಸೀನಿಯರುಗಳ ಬಟ್ಟೆ ಒಗೆಸುವುದು, ಹುಡುಗಿಯ ಹಾಗೆ ನಡೆಸುವುದು ನಡೆದಿತ್ತು. ಅವನು ಅದನ್ನೇ ಹೇಳಿದ. ಯಾರ ಹೆಸರನ್ನೂ ಹೇಳಲಿಲ್ಲ. ಹೇಳಬೇಕಾಗಿದ್ದ ಹೆಸರಿನವರೆಲ್ಲ ಮೇಲಿನ ಮೆಟ್ಟಿಲುಗಳ ಮೇಲೇ ಕುಳಿತಿದ್ದರು.

"ರಾತ್ರಿ ನಿದ್ದೆ ಬರಲ್ಲ ಅಣ್ಣ. ಇದೂ ಗಂಡಸರ ಸಮಸ್ಯೆನೇ ಅಲ್ವಾ?" ಎಂದು ನನ್ನನ್ನೇ ನೋಡಿ ಕೇಳಿದ.

ನಾನು ಭರತನ ಮುಖ ನೋಡಿದೆ. ಭರತ ನಿಧಾನವಾಗಿ, "ಎಂತ ಮಾರಾಯ, ಇದು ಗಂಡಸರ ವೇದಿಕೆ. ನಿನ್ನ ಅರ್ಜಿ ವಸುಮತಿ ಮೇಡಂಗೆ ಕೊಡು" ಎಂದ. ನಲವತ್ತು ಜನ ನಕ್ಕರು. ನಾನು ನಕ್ಕ ನಲವತ್ತೊಂದನೆಯವನು. ಸ್ವಲ್ಪ ತಡವಾಗಿ ನಕ್ಕೆ ಎಂಬುದನ್ನು ಬಹಳ ವರ್ಷ ನನ್ನ ಪರವಾದ ಸಾಕ್ಷಿಯಾಗಿ ಇಟ್ಟುಕೊಂಡಿದ್ದೆ.

ಮುಂದಿನ ವಾರ ಭರತನಿಗೆ ಸುಂದರೇಶನನ್ನು ವೇದಿಕೆಯಿಂದ ಸನ್ಮಾನಿಸಬೇಕು ಎಂಬ ಯೋಚನೆ ಬಂತು. ಗಾಜಿನ ಬಳೆ ತೊಡಿಸುವುದು. ತರುವ ಕೆಲಸ, ಇನ್ನಾರದು, ಕಾರ್ಯದರ್ಶಿಯದು. ಪೇಟೆಯ ಬಳೆ ಅಂಗಡಿಯ ಹೆಂಗಸು "ಯಾರಿಗೆ? ಅಳತೆ ಇಲ್ದೆ ಹೆಂಗೆ ಕೊಡ್ಲಿ?" ಎಂದಳು. "ತಂಗಿಗೆ. ಕೈ ಸಣ್ಣದು" ಎಂದೆ. ಆಕೆ ಒಂದು ಡಜನ್ ಹಸಿರು ಬಳೆ ಕಟ್ಟಿ, "ತಂಗಿಗಲ್ವಾ, ಒಡೆದ್ರೆ ಇರ್ಲಿ" ಎಂದು ಎರಡು ಜಾಸ್ತಿ ಹಾಕಿದಳು.

ಭಾನುವಾರ ಮಧ್ಯಾಹ್ನದ ಊಟ ಮುಗಿಯುತ್ತಿದ್ದಂತೆ ಹಾಸ್ಟೆಲಿನ ಊಟದ ಕೋಣೆಯಲ್ಲೇ ಇಬ್ಬರು ಅವನನ್ನು ಹಿಡಿದುಕೊಂಡರು. ಭರತ ಒಂದೊಂದೇ ಬಳೆ ಏರಿಸಿದ. ನಾಲ್ಕನೆಯದಕ್ಕೆ ಸುಂದರೇಶ ಜೋರಾಗಿ ಕೈ ಎಳೆದುಕೊಂಡ. ಬಳೆಗಳು ಒಡೆದು ಮಣಿಕಟ್ಟಿನ ಒಳಗೆ ಗಾಜು ಇಳಿಯಿತು. ಬೆಂಚಿನ ಮೇಲೆ, ತಟ್ಟೆಯಲ್ಲಿ ಉಳಿದಿದ್ದ ಅನ್ನದ ಮೇಲೆ ರಕ್ತ ಬಿತ್ತು. ನಗು ಒಮ್ಮೆಲೇ ನಿಲ್ಲಲಿಲ್ಲ, ಹಿಂದೆ ಕುಳಿತವರಿಗೆ ಕಾಣುತ್ತಿರಲಿಲ್ಲವಲ್ಲ. ಆಮೇಲೆ ಏನಾಯಿತೆಂದು ನನಗೆ ಸರಿಯಾಗಿ ನೆನಪಿಲ್ಲ.

ಮರುದಿನ ತರಗತಿಯಲ್ಲಿ ಬ್ಯಾಂಡೇಜು ಕಂಡು ವಿಚಾರಿಸಿದವರು ವಸುಮತಿ ಮೇಡಂ. ಪ್ರಿನ್ಸಿಪಾಲರ ಬಳಿಗೆ ಅವನನ್ನು ಕರೆದುಕೊಂಡು ಹೋದವರೂ ಅವರೇ. ವಿಚಾರಣೆ ಆಯಿತು. ಸುಂದರೇಶ ಅಲ್ಲೂ ಯಾರ ಹೆಸರನ್ನೂ ಹೇಳಲಿಲ್ಲ. ಎಲ್ಲರೂ ನಾವೇನೂ ನೋಡಿಲ್ಲ ಎಂದರು. ನನ್ನ ಸರದಿ ಬಂದಾಗ ಮೇಡಂ ಬಾಗಿಲ ಹೊರಗೇ ತಡೆದು, "ನೀನು ಬರೆದದ್ದನ್ನ ನಾನು ಓದಿದೀನಿ. ನೀನು ಸುಳ್ಳು ಹೇಳಲ್ಲ ಅಂತ ಅಂದ್ಕೊಂಡಿದೀನಿ. ನೋಡಿದ್ದಷ್ಟು ಹೇಳು, ಸಾಕು" ಎಂದರು.

ಒಳಗೆ ಹೋಗಿ, "ಭಾನುವಾರ ನಾನು ಊರಿಗೆ ಹೋಗಿದ್ದೆ ಸಾರ್, ಗೋಣಿಬೀಡಿಗೆ" ಎಂದೆ. ಮೇಡಂ ನನ್ನ ಹಿಂದೆಯೇ ಬಂದು ಕಿಟಕಿಯ ಪಕ್ಕದಲ್ಲಿ ಕುಳಿತಿದ್ದರು.

ಸಾಕ್ಷಿ ಇಲ್ಲದೆ ವಿಚಾರಣೆ ಮುಗಿಯಿತು. ವಾರದೊಳಗೆ ಸುಂದರೇಶನ ಅಪ್ಪ ಟ್ರಂಕು ತೆಗೆದುಕೊಂಡು ಹೋಗಲು ಬಂದರು. ಹಾಸ್ಟೆಲಿನ ಬಾಗಿಲಲ್ಲಿ ಭರತ ಎದುರಾದ. ಭರತನ ತಂದೆ ಯಾವ ಎಸ್ಟೇಟಿನ ಯಜಮಾನರು ಎಂದು ಆ ಮನುಷ್ಯನಿಗೆ ಗೊತ್ತಿತ್ತು. ಟ್ರಂಕನ್ನು ಕೆಳಗಿಟ್ಟು ಕೈ ಮುಗಿದರು. "ಹುಡುಗರಾಟ ಸ್ವಾಮಿ, ನೀವು ಮನಸ್ಸಿಗೆ ಹಚ್ಕೋಬೇಡಿ. ನಮ್ಮವನೇ ಸ್ವಲ್ಪ ಮೆತ್ತಗೆ" ಎಂದರು. ಸುಂದರೇಶ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ.

ಪುರುಷ ವೇದಿಕೆ ಆ ವರ್ಷವೇ ಸತ್ತಿತು. ಮಹಿಳಾ ವೇದಿಕೆ ನಾನು ಕಾಲೇಜು ಬಿಡುವವರೆಗೂ ಶುಕ್ರವಾರ ಶುಕ್ರವಾರ ನಡೆಯುತ್ತಿತ್ತು. ಊರಿಗೆ ಬಂದು ಅಪ್ಪನ ತೋಟ ನೋಡಿಕೊಳ್ಳತೊಡಗಿದ ಮೇಲೂ, ಬಸ್ಸಿನಲ್ಲೋ ಮದುವೆ ಮನೆಯಲ್ಲೋ ಯಾರಾದರೂ 'ಈಗ ಕಾಲ ಕೆಟ್ಟಿದ್ದು ಗಂಡಸರಿಗೇ' ಎಂದು ಶುರು ಮಾಡಿದರೆ ನಾನು ಹೌದೆನ್ನಲಾರೆ, ಅಲ್ಲವೆನ್ನಲಾರೆ. ಗಂಡಸಿಗೆ ನೋವಿದೆ, ಅದನ್ನು ನಾನು ಹತ್ತಿರದಿಂದಲೇ ಕಂಡವನು. ಆದರೆ ಸುಂದರೇಶನ ಕೈ ಹಿಡಿದುಕೊಂಡಿದ್ದವರಲ್ಲಿ ಶುಕ್ರವಾರದ ಸಭೆಯವರು ಒಬ್ಬರೂ ಇರಲಿಲ್ಲ.

ನಾಲ್ಕು ವರ್ಷದ ಹಿಂದೆ, ಬೇಸಿಗೆಯಲ್ಲಿ, ಕಳಸದ ಹತ್ತಿರವಿರುವ ನನ್ನ ಅತ್ತೆಯ ಮನೆಯ ನೀರಿನ ಮೋಟಾರು ಸುಟ್ಟುಹೋಯಿತು. ಜೀಪಿಗೆ ಹಾಕಿಕೊಂಡು ಪೇಟೆಯ ವೈಂಡಿಂಗ್ ಅಂಗಡಿಗೆ ಹೋದೆ. ವಾರ್ನಿಷ್ ವಾಸನೆಯ ನಡುವೆ ಒಬ್ಬ ತಾಮ್ರದ ತಂತಿ ಸುತ್ತುತ್ತ ಕುಳಿತಿದ್ದ. ತಲೆ ಎತ್ತಿ ನನ್ನನ್ನು ನೋಡಿ, "ನೀವು ಗೋಣಿಬೀಡಿನ ಅಣ್ಣ ಅಲ್ವಾ?" ಎಂದ. ದನಿ ಹಾಗೇ ಇತ್ತು.

ಓಡಿಹೋಗೋಣ ಅನ್ನಿಸಿತು. ಅವನು ಅಷ್ಟರಲ್ಲಿ ಸ್ಟೂಲು ಒರೆಸಿ, ಅಂಗಡಿಯ ಹಿಂದಿನ ಮನೆಯ ಕಡೆ ತಿರುಗಿ ಹೆಂಡತಿಯನ್ನು ಕೂಗಿದ. "ಬಾರೆ ಇಲ್ಲಿ. ನಾನು ಹೇಳ್ತಿದ್ನಲ್ಲ, ಇವ್ರೇ."

ಆಕೆಯ ಮುಖ ಅರಳಿತು. "ಅಯ್ಯೋ, ನೀವಾ ಅಣ್ಣ! ಇವ್ರ ಕೈಗೆ ಏಟಾದಾಗ ಹೆಗಲ ಮೇಲಿದ್ದ ಟವೆಲ್ ಹರಿದು ಕಟ್ಟಿ, ಆಸ್ಪತ್ರೆಗೆ ನಡೆಸ್ಕೊಂಡು ಹೋದೋರು ನೀವೇ ಅಲ್ವಾ? ಅಷ್ಟು ಜನದಲ್ಲಿ ನೀವೊಬ್ರೇ ಮನುಷ್ಯರು ಅಂತ ಇವ್ರು ಎಷ್ಟು ಸಲ ಹೇಳಿದಾರೆ!"

ಹೌದು, ಟವೆಲ್ ಹರಿದದ್ದು ಮಬ್ಬಾಗಿ ನೆನಪಾಯಿತು. ಮಾಡಿದ್ದು ದಯೆಯಿಂದಲೋ ಭಯದಿಂದಲೋ ಹೇಳಲಾರೆ. ಆಕೆ ಕೊಟ್ಟ ಕಾಫಿ ಕುಡಿದು, ಬಳೆಯ ಮಾತು ಎತ್ತದೆ ಬಂದೆ.

ಹೋದ ತಿಂಗಳು ಮೈದಾ ಕುದಿದ ಆ ಭಾನುವಾರ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಒಲೆ ಆರಿಸಿ ಪೂರ್ತಿ ಕೇಳಿಸಿಕೊಂಡಳು. "ಹೋಗಿ ಅವನಿಗೆ ಹೇಳಿಬಿಡ್ತೀನಿ" ಎಂದಾಗ ಮಾತ್ರ, "ಹೇಳಿದ್ರೆ ಅವ್ರಿಗೆಂತ ಸಿಕ್ತದೆ?" ಎಂದಳು. ಅದಕ್ಕೆ ಉತ್ತರ ಹುಡುಕದೆಯೇ ಮಂಗಳವಾರ ಕಳಸದ ಬಸ್ಸು ಹತ್ತಿದೆ.

ಸುಂದರೇಶ ಒಬ್ಬನೇ ಇದ್ದ. ನಾನು ಕುಳಿತುಕೊಳ್ಳಲೂ ಇಲ್ಲ.

"ಆ ಬಳೆ ತಂದಿದ್ದು ನಾನು, ಸುಂದರೇಶ. ವಿಚಾರಣೇಲಿ ಊರಲ್ಲಿದ್ದೆ ಅಂತ ಸುಳ್ಳು ಹೇಳಿದ್ದೂ ನಾನೇ. ನಾನು ನಿಜ ಹೇಳಿದ್ರೆ ನೀನು ಓದು ಬಿಡಬೇಕಾಗ್ತಿರ್ಲಿಲ್ವೇನೋ."

ತಂತಿ ಸುತ್ತುವಾಗ ಸುತ್ತು ಎಣಿಸುತ್ತಿರಬೇಕು, ತಪ್ಪಿದರೆ ಮೊದಲಿಂದ. ಅವನು ಎಣಿಸುತ್ತಿದ್ದದ್ದನ್ನು ಮುಗಿಸಿ, ತುದಿಯನ್ನು ಗಂಟು ಹಾಕಿ, ಆಮೇಲೆ ತಲೆ ಎತ್ತಿದ.

"ಆ ಕಾಲೇಜಲ್ಲಿ ನಾನು ಇದ್ದಿದ್ದು ಎಂಟು ತಿಂಗಳು. ಒಳ್ಳೇದು ಅಂತ ಹೇಳ್ಕೊಳ್ಳೋಕೆ ಇದ್ದಿದ್ದು ನೀವು, ಆ ಮೇಡಂ, ಇಬ್ರೇ. ಅದ್ರಲ್ಲಿ ಒಂದನ್ನ ಇವತ್ತು ವಾಪಸ್ ತಗೊಂಡ್ರಿ."

"ತಪ್ಪಾಯ್ತು."

"ನಿಮ್ಗೆ ಹಗುರ ಆಯ್ತಾ?" ಎಂದ. ಸಿಟ್ಟಿರಲಿಲ್ಲ, ನಿಜವಾಗಿ ಕೇಳುವ ಹಾಗೆ ಕೇಳಿದ. ಹಗುರವಾಗಿರಲಿಲ್ಲ.

ಆಮೇಲೆ ಅವನು ಮಾತಾಡಿದ. ಅಪ್ಪ ಸಾಯುವವರೆಗೂ ಆ ದಿನದ ಮಾತು ಎತ್ತಲಿಲ್ಲವಂತೆ. ಎಡಗೈಗೆ ಇವತ್ತಿಗೂ ವಾಚು ಕಟ್ಟುವುದಿಲ್ಲವಂತೆ. ಮಗಳು ಜಾತ್ರೆಯಿಂದ ಬಳೆ ತಂದು ತೊಡಿಸು ಎಂದು ಕೈ ಚಾಚಿದರೆ ಏನೋ ಕೆಲಸವಿದೆಯೆಂದು ಎದ್ದು ಹೋಗುತ್ತಾನಂತೆ. ಫೋನಿನಲ್ಲಿ ಗಿರಾಕಿಗಳು 'ಏನಮ್ಮಾ, ಯಜಮಾನ್ರು ಇಲ್ವಾ' ಎಂದು ಕೇಳಿದಾಗ 'ಇಲ್ಲ' ಎಂದು ಇಟ್ಟುಬಿಡುವುದೂ ಉಂಟಂತೆ. ಮಾತಿನ ಮನುಷ್ಯನಾದ ನನಗೆ ನಡುವೆ ನಾಲ್ಕು ಕಡೆ ಏನಾದರೂ ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ಬಸ್ಸು ಹೋದ ಸದ್ದು ಕೇಳಿತು, ಏಳಲಿಲ್ಲ.

ಒಳಗಿನಿಂದ ಹೆಜ್ಜೆಯ ಸಪ್ಪಳ ಬಂದಾಗ ಅವನು ದನಿ ತಗ್ಗಿಸಿದ. "ಅವಳಿಗೆ ಹೇಳ್ಬೇಡಿ. ನಿಮ್ಮ ಹಂಗೆ ಒಳ್ಳೇರೂ ಇರ್ತಾರೆ ಅಂತ ಮಗಳಿಗೂ ಹೇಳಿಟ್ಟಿದಾಳೆ. ಅದು ಹಂಗೇ ಇರ್ಲಿ."

ಆಕೆ ಬಾಗಿಲಿಗೆ ಬಂದವಳೇ, "ಇವತ್ತು ಊಟ ಮಾಡ್ದೆ ಕಳಿಸೋದಿಲ್ಲ ಅಣ್ಣ" ಎಂದಳು. ನಾನು ಸುಂದರೇಶನ ಮುಖ ನೋಡಿದೆ. "ಕೂತ್ಕೊಳ್ಳಿ" ಎಂದ. ಒಳಗೆ ಹೋಗಿ ಅವನ ಎದುರಿಗೇ ಕುಳಿತು ಉಂಡೆ. ಆಕೆ ಎರಡನೆಯ ಸಲ ಬಡಿಸಲು ಬಂದಾಗ ಬೇಡವೆನ್ನುವ ಹಕ್ಕು ನನಗಿರಲಿಲ್ಲ.

ಬರುವ ವಾರ ಅತ್ತೆಯ ಮನೆಗೆ ಹೋಗುವುದಿದೆ. ಮಕ್ಕಳನ್ನೂ ಕರೆದುಕೊಂಡು ಬರಬೇಕೆಂದು ಸುಂದರೇಶನ ಹೆಂಡತಿ ಹೇಳಿ ಕಳಿಸಿದ್ದಾಳೆ. ಹೋಗುತ್ತೇನೆ. ಆಕೆ ಬಡಿಸುತ್ತಾಳೆ, ಸುಂದರೇಶ ನೋಡುತ್ತಿರುತ್ತಾನೆ, ನಾನು ಉಣ್ಣುತ್ತೇನೆ.